ಅಲ್ಪಬಲರಿಗೂ ಜಯವುಂಟೆ?

ಬಲವಂತನೂ ಬಲಹೀನನೂ ಎದುರುಬದುರಾಗಿ ನಿಂತರೆ ಬಲವಂತನೇ ಗೆಲ್ಲುವನೆಂಬುದನ್ನು ತಿಳಿಯಲು ಶಾಸ್ತ್ರಾಭ್ಯಾಸ ಬೇಕಾಗಿಲ್ಲ. ಬೀದಿಯಲ್ಲಿ ನಾಯಿಗಳ ಜಗಳವನ್ನು ಕಂಡ ಮಗುವಿಗೂ ಅದು ಗೊತ್ತು. ಆದಾಗ್ಯೂ ಎರಡು ಪಕ್ಷಗಳು ಆಟದ ಬಯಲಿಗೆ ಇಳಿದುವೆಂದರೆ, ಯಾವ ನಂಟೂ ಇಲ್ಲದ ನಮ್ಮ ಮನಸ್ಸು ತಾನಾಗಿಯೇ ದುರ್ಬಲರ ಕಡೆಗೆ ವಾಲುತ್ತದೆ. “ಪಾಪ, ಈ ಹೊತ್ತು ಇವರು ಗೆದ್ದುಬಿಡಲಿ” ಎಂದು ಅಜ್ಜಿಯೂ ಮೊಮ್ಮಗನೂ ಒಂದೇ ಸ್ವರದಲ್ಲಿ ಹಾರೈಸುತ್ತಾರೆ. ಈ ಹಾರೈಕೆಯಲ್ಲಿ ಇರುವುದು ಕರುಣೆಯೊಂದೇ ಅಲ್ಲ. ನಮ್ಮಲ್ಲಿ ಬಹುಮಂದಿ ಬಾಳಿನ ಒಂದಲ್ಲ ಒಂದು ಕಣದಲ್ಲಿ ದುರ್ಬಲ ಪಕ್ಷದವರೇ ಆಗಿರುವುದರಿಂದ, ಅವರ ಜಯದಲ್ಲಿ ನಮಗೂ ಒಂದು ಪಾಲು ದೊರೆತಂತಾಗುತ್ತದೆ.

ಆದರೆ ಇಂತಹ ಹಾರೈಕೆ ಫಲಿಸುವುದುಂಟೆ? ಫಲಿಸಿದರೆ ಅದು ದೈವಯೋಗದಿಂದಲೋ, ಪುರುಷಪ್ರಯತ್ನದಿಂದಲೋ? ಈ ಪ್ರಶ್ನೆಯನ್ನು ಬರಿಯ ಮಾತಿನಲ್ಲಿ ಚರ್ಚಿಸುವುದಕ್ಕಿಂತ ಒಂದು ನಿಜವಾದ ನಿದರ್ಶನವನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಲೇಸು. 2015ನೆಯ ಇಸವಿ ಸೆಪ್ಟೆಂಬರ್ 19ರಂದು ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಜಪಾನಿಗೂ ದಕ್ಷಿಣ ಆಫ್ರಿಕಕ್ಕೂ ನಡೆದ ರಗ್ಬಿ ಪಂದ್ಯವೇ ಆ ನಿದರ್ಶನ.

ರಗ್ಬಿಯ ಪರಿಚಯ ನಮ್ಮ ಮನೆಗಳಲ್ಲಿ ಹೆಚ್ಚಾಗಿಲ್ಲವಾದ್ದರಿಂದ ಅದರ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬೇಕು. ಪಕ್ಷಕ್ಕೆ ಹದಿನೈದು ಮಂದಿಯಂತೆ 80 ನಿಮಿಷಗಳ ಕಾಲ ಆಡುವ ಆಟವಿದು. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಿ, ಎದುರಾಳಿಗಳ ಗೆರೆಯಾಚೆ ಅದನ್ನು ನೆಲಕ್ಕೆ ಊರಿದರೆ ಐದು ಅಂಕಗಳು. ಇದಕ್ಕೆ ‘ಟ್ರೈ’ ಎಂದು ಹೆಸರು. ಆಮೇಲೆ ಚೆಂಡನ್ನು ಒದ್ದು ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲೆ ಹಾಯಿಸಿದರೆ ಮತ್ತೆರಡು. ಎದುರು ಪಕ್ಷದವರು ತಪ್ಪುಮಾಡಿ ದೊರೆತ ‘ಪೆನಾಲ್ಟಿ’ಯನ್ನು ಹಾಗೆಯೇ ಹಾಯಿಸಿದರೆ ಮೂರು. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯಕೂಡದು. ಹಿಂದಿರುವ ಗೆಳೆಯನಿಗೇ ಕೊಡಬೇಕು. ಓಡುವವನನ್ನು ಕಬಡ್ಡಿಯಲ್ಲಿ ಹಿಡಿಯುವಂತೆ ಹಿಡಿದು ಕೆಡಹಬಹುದು. ಸಣ್ಣ ತಪ್ಪುಗಳಾದಾಗ ಎರಡೂ ಪಕ್ಷಗಳ ಎಂಟೆಂಟು ಮಂದಿ ಬಾಗಿ, ಹೆಗಲಿಗೆ ಹೆಗಲು ಕೊಟ್ಟು, ಚೆಂಡಿಗಾಗಿ ಒಬ್ಬರನ್ನೊಬ್ಬರು ನೂಕುವುದುಂಟು, ಇದು ‘ಸ್ಕ್ರಮ್’.

ನಮ್ಮ ದೇಶಕ್ಕೂ ಈ ಆಟಕ್ಕೂ ಹಳೆಯದೊಂದು ನಂಟುಂಟು. ಕಲ್ಕತ್ತೆಯಲ್ಲಿದ್ದ ಆಂಗ್ಲರ ರಗ್ಬಿ ಸಂಘವು ಮುಚ್ಚಿಹೋದಾಗ, ಉಳಿದಿದ್ದ ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ ಒಂದು ಪಾತ್ರೆಯನ್ನು ಮಾಡಿಸಿ, 1878ರಲ್ಲಿ ಇಂಗ್ಲೆಂಡಿನ ರಗ್ಬಿ ಒಕ್ಕೂಟಕ್ಕೆ ಒಪ್ಪಿಸಿತು. ನಾಗರಹಾವಿನ ಹಿಡಿಗಳೂ ಮುಚ್ಚಳದ ಮೇಲೊಂದು ಆನೆಯೂ ಉಳ್ಳ ಆ ಪಾತ್ರೆಗಾಗಿ ಇಂಗ್ಲೆಂಡ್ ಸ್ಕಾಟ್ಲೆಂಡುಗಳು 1879ರಿಂದ ಸೆಣಸುತ್ತ ಬಂದಿವೆ.

ಇನ್ನು ವಿಷಯಕ್ಕೆ ಬರೋಣ. ಕಾಲ್ಚೆಂಡಿನಾಟದಲ್ಲಿ ಒಂದು ಗೋಲಿನಿಂದ ಪಂದ್ಯ ತೀರ್ಮಾನವಾಗಬಹುದು. ದುರ್ಬಲರು ಆಟದುದ್ದಕ್ಕೂ ಏಟು ತಿಂದು, ಕಡೆಗೊಮ್ಮೆ ಅದೃಷ್ಟ ಕುಲಾಯಿಸಿ ಗೆದ್ದದ್ದುಂಟು. ರಗ್ಬಿಯಲ್ಲಿ ಅಂತಹ ಅವಕಾಶ ಬಹು ಕಡಿಮೆ. ದೇಹಕ್ಕೆ ದೇಹ ಬಡಿಯುವ ಸಂದರ್ಭಗಳು ನೂರಾರು. ಅಂಕಗಳು ದೊರೆಯುವ ಸಂದರ್ಭಗಳೂ ಹಲವು. ಒಂದು ಸಲ ಕೈಹಿಡಿದ ಅದೃಷ್ಟವು ಹತ್ತು ಸಲ ಕೈಹಿಡಿಯಲಾರದು. ಎತ್ತರವೂ ತೂಕವೂ ಉಳ್ಳವರು ನಿಮಿಷ ನಿಮಿಷಕ್ಕೂ ಎದುರಾಳಿಯನ್ನು ಸವೆಯಿಸುತ್ತಾರೆ. ಆದಕಾರಣವೇ ಈ ಆಟದಲ್ಲಿ ಚಿಕ್ಕವರು ದೊಡ್ಡವರನ್ನು ಸೋಲಿಸುವುದು ಅತಿವಿರಳ.

ಆ ದಿನ ಎದುರಾದ ಪಕ್ಷಗಳ ಬಲಾಬಲವನ್ನು ನೋಡಿರಿ. ದಕ್ಷಿಣ ಆಫ್ರಿಕವು 1995ರಲ್ಲಿಯೂ 2007ರಲ್ಲಿಯೂ ವಿಶ್ವಕಪ್ ಗೆದ್ದ ರಾಷ್ಟ್ರ. ವಿಕ್ಟರ್ ಮ್ಯಾಟ್‌ಫೀಲ್ಡ್, ಬ್ರಯಾನ್ ಹಬಾನ ಮುಂತಾದ ವಿಶ್ವವಿಖ್ಯಾತರು ಆ ದಿನ ಕಣದಲ್ಲಿದ್ದರು. ಜಪಾನಿನಲ್ಲಿ ರಗ್ಬಿಯು 1899ರಲ್ಲಿ ಕೇಯೊ ವಿದ್ಯಾಲಯದಲ್ಲಿ ಆರಂಭವಾಗಿ ವಿದ್ಯಾರ್ಥಿಗಳಲ್ಲಿ ಬೇರೂರಿದ್ದುದು ನಿಜ. ಆದರೆ ವಿಶ್ವಕಪ್ಪಿನಲ್ಲಿ ಆ ರಾಷ್ಟ್ರವು ಅದುವರೆಗೆ ಗೆದ್ದಿದ್ದುದು ಒಂದೇ ಒಂದು ಪಂದ್ಯವನ್ನು, ಅದೂ 1991ರಲ್ಲಿ ಜಿಂಬಾಬ್ವೆಯ ಮೇಲೆ. 1995ರಲ್ಲಿ ನ್ಯೂಜಿಲೆಂಡಿನವರು ಅವರನ್ನು 145ಕ್ಕೆ 17ರಂತೆ ಸೋಲಿಸಿದ್ದರು. ಸೋಲು ಎಂಬ ಪದವೂ ಅದಕ್ಕೆ ಚಿಕ್ಕದು, ಅದು ಮಾನಭಂಗ. ಆ ಗಾಯದ ಕಲೆ ಇಪ್ಪತ್ತು ವರ್ಷಗಳಾದರೂ ಮಾಸಿರಲಿಲ್ಲ.

ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಶಕ್ತಿಯನ್ನು ಮೂರು ವಿಧವಾಗಿ ವಿಂಗಡಿಸಿದ್ದಾನೆ. ಕೋಶವೂ ಸೇನೆಯೂ ಪ್ರಭುಶಕ್ತಿ, ಪರಾಕ್ರಮವು ಉತ್ಸಾಹಶಕ್ತಿ, ತಿಳಿವಳಿಕೆಯಿಂದ ಕೂಡಿದ ಆಲೋಚನೆಯು ಮಂತ್ರಶಕ್ತಿ. ಇವುಗಳಲ್ಲಿ ಮಂತ್ರಶಕ್ತಿಯೇ ಹಿರಿದೆಂಬುದು ಅವನ ಮತ. ದೇಶಕಾಲಗಳ ವಿಚಾರದಲ್ಲಿ ಅವನು ಕೊಡುವ ದೃಷ್ಟಾಂತವೂ ಸೊಗಸಾಗಿದೆ: ನೆಲದ ಮೇಲಿರುವ ನಾಯಿಯು ಮೊಸಳೆಯನ್ನು ಎಳೆದುಹಾಕುತ್ತದೆ, ನೀರಿನಲ್ಲಿರುವ ಮೊಸಳೆಯು ನಾಯಿಯನ್ನು ಎಳೆದುಕೊಂಡುಹೋಗುತ್ತದೆ. ಹಾಗಾದರೆ ನಾಯಿಯು ಗೆಲ್ಲಬೇಕಾದರೆ ಮೊಸಳೆಗಿಂತ ದೊಡ್ಡದಾಗಬೇಕಾದ್ದಿಲ್ಲ. ಮೊಸಳೆಯನ್ನು ನೆಲಕ್ಕೆ ಬರಮಾಡಿಕೊಂಡರೆ ಸಾಕು. ಜಪಾನಿನವರು ಮಾಡಿದ್ದು ಇದನ್ನೇ.

2012ರಲ್ಲಿ ಎಡ್ಡಿ ಜೋನ್ಸ್ ಎಂಬವರು ಜಪಾನ್ ತಂಡದ ಶಿಕ್ಷಕರಾಗಿ ಬಂದರು. ಇವರು ಆಸ್ಟ್ರೇಲಿಯದವರು, ತಾಯಿಯ ಕಡೆಯಿಂದ ಜಪಾನೀ ರಕ್ತವುಳ್ಳವರು. 2007ರಲ್ಲಿ ದಕ್ಷಿಣ ಆಫ್ರಿಕವು ವಿಶ್ವಕಪ್ ಗೆದ್ದಾಗ ಅದರ ಸಲಹೆಗಾರರಾಗಿಯೂ ಇದ್ದವರು. ಎಂದಮೇಲೆ ಮೊಸಳೆಯ ಮಡುವನ್ನು ಒಳಗಿನಿಂದ ಕಂಡವರೆನ್ನಬಹುದು. “ನಾವು ಸಣ್ಣವರು, ಗೆಲ್ಲಲಾರೆವು” ಎಂಬ ಭಾವನೆ ಆಟಗಾರರಲ್ಲಿ ಬೇರುಬಿಟ್ಟಿದ್ದುದನ್ನು ಅವರು ಕಂಡರು. ಮೈಯನ್ನು ದೊಡ್ಡದು ಮಾಡುವುದಕ್ಕೆ ಮಿತಿಯುಂಟು; ಮೂಳೆಯನ್ನು ಯಾರೂ ಉದ್ದ ಮಾಡಲಾರರು. ಆದ್ದರಿಂದ ಅವರು ಬೇರೊಂದು ದಾರಿ ಹಿಡಿದರು. ಎದುರಾಳಿಗಳಿಗಿಂತ ಹೆಚ್ಚು ಹೊತ್ತು ಓಡುವುದು, ಬಿದ್ದವನು ಕೂಡಲೆ ಏಳುವುದು, ಚೆಂಡನ್ನು ಒಂದು ಕ್ಷಣವೂ ನಿಲ್ಲಗೊಡದೆ ಕೈಯಿಂದ ಕೈಗೆ ಹರಿಯಿಸುವುದು, ಎತ್ತರದವರನ್ನು ಎದೆಗೆ ಎದೆ ಕೊಡದೆ ಕಾಲಿನ ಬಳಿ ತಗ್ಗಿನಲ್ಲಿ ಹಿಡಿದು ಕೆಡಹುವುದು: ಇವು ಚಿಕ್ಕ ಮೈಯವರಿಗೆ ಸಾಧ್ಯವಾದ, ಸಾಧ್ಯವಷ್ಟೇ ಅಲ್ಲದೆ ಅನುಕೂಲವೂ ಆದ ವಿದ್ಯೆಗಳು.

ವಿದ್ಯೆಯು ಬಾಯಿಮಾತಿನಿಂದ ಬರುವುದಿಲ್ಲ. ಮಿಯಾಜಾಕಿಯ ಶಿಬಿರದಲ್ಲಿ ಬೆಳಗಿನ ಜಾವ 5 ಗಂಟೆಗೇ ಸಾಧನೆ ಆರಂಭವಾಗುತ್ತಿತ್ತು. ದಿನಕ್ಕೆ ಹಲವು ಸರತಿ ನಡೆಯುತ್ತಿತ್ತು. ಸ್ಕ್ರಮ್ಮಿನಲ್ಲಿ ಅಲ್ಪತೂಕದವರು ತಗ್ಗಾಗಿ, ಒಂದೇ ಮೈಯಂತೆ ಒತ್ತುವುದನ್ನು ಕಲಿಸಲು ಫ್ರಾನ್ಸಿನಿಂದ ಮಾರ್ಕ್ ದಾಲ್ ಮಾಸೊ ಎಂಬ ತಜ್ಞರು ಬಂದರು. ಬಿಡಿಯಾಗಿ ಎತ್ತಿದರೆ ಮುರಿಯುವ ಕಡ್ಡಿಗಳು ಕಟ್ಟಾದರೆ ಮುರಿಯವೆಂಬ ಕಥೆಯನ್ನು ನಮ್ಮ ಮಕ್ಕಳು ಪುಸ್ತಕದಲ್ಲಿ ಓದುತ್ತಾರೆ. ಇವರು ಅದನ್ನು ಬೆನ್ನಿನಿಂದ ಕಲಿತರು. 2013ರಲ್ಲಿ ಟೋಕಿಯೊ ನಗರದಲ್ಲಿ ವೇಲ್ಸ್ ತಂಡವನ್ನು 23ಕ್ಕೆ 8ರಂತೆ ಸೋಲಿಸಿದಾಗ, ವೇಲ್ಸಿನ ಮುಖ್ಯ ಆಟಗಾರರು ಹಲವರು ಬರಲಿಲ್ಲವೆಂದು ಲೋಕವು ಅದನ್ನು ಲಘುವಾಗಿ ಎಣಿಸಿತು. ಮೊಳಕೆಯನ್ನು ಕಂಡು ಮರವನ್ನು ಊಹಿಸುವವರು ಎಲ್ಲಿಯೂ ಕೆಲವರೇ.

ಬ್ರೈಟನ್ನಿನ ಬಯಲಿನಲ್ಲಿ ಸುಮಾರು 29 ಸಾವಿರ ಜನ ನೆರೆದಿದ್ದರು. ಜಪಾನಿನ ಮೊದಲ ಟ್ರೈಯೇ ಒಂದು ಸೋಜಿಗ. ಅದು ಓಟದಿಂದ ಬಂದದ್ದಲ್ಲ. ಚೆಂಡನ್ನು ನಡುವೆ ಹುದುಗಿಸಿಕೊಂಡ ಗುಂಪು ಆ ದೈತ್ಯರನ್ನೇ ಹಿಂದಕ್ಕೆ ನೂಕಿಕೊಂಡು ಹೋಗಿ ಗೆರೆ ದಾಟಿತು. ಚೆಂಡನ್ನು ಊರಿದವನು ನಾಯಕ ಮೈಕೆಲ್ ಲೀಚ್. ಅರ್ಧಾವಧಿಯಲ್ಲಿ ದಕ್ಷಿಣ ಆಫ್ರಿಕದವರದು 12, ಜಪಾನಿನವರದು 10. ಎರಡನೆಯ ಅರ್ಧದಲ್ಲಿ ದೊಡ್ಡವರು ಮುಂದೆ ಹೋದಾಗಲೆಲ್ಲ ಚಿಕ್ಕವರು ಬೆನ್ನಟ್ಟಿ ಹಿಡಿದರು. ಅಯುಮು ಗೊರೊಮಾರು ಎಂಬವನು ಚೆಂಡನ್ನು ಒದೆಯುವ ಮೊದಲು ಎರಡು ಕೈಗಳ ಬೆರಳುಗಳನ್ನೂ ಮುಂದೆ ಜೋಡಿಸಿ, ಧ್ಯಾನಸ್ಥನಂತೆ ಬಾಗಿ ನಿಲ್ಲುತ್ತಿದ್ದನು. ತರುವಾಯ ಜಪಾನಿನ ಮಕ್ಕಳೆಲ್ಲರೂ ಆ ಮುದ್ರೆಯನ್ನು ಅನುಕರಿಸತೊಡಗಿದರಂತೆ. ಅವನೊಬ್ಬನೇ ಆ ದಿನ 24 ಅಂಕಗಳನ್ನು ಗಳಿಸಿದನು. ಸುಮಾರು 70ನೆಯ ನಿಮಿಷದ ಹೊತ್ತಿಗೆ ಎರಡು ಪಕ್ಷಗಳೂ 29ರಲ್ಲಿ ಸಮನಾದುವು. ಪರಸ್ಥಳದ ಜನರು ಕೂಡ “ನಿಪ್ಪೊನ್, ನಿಪ್ಪೊನ್” ಎಂದು ಕೂಗತೊಡಗಿದರು. ಆಗ ದಕ್ಷಿಣ ಆಫ್ರಿಕದವರು ಒಂದು ಪೆನಾಲ್ಟಿಯನ್ನು ಹಾಯಿಸಿ 32ಕ್ಕೆ ಏರಿದರು.

ಕಾಲ ಮುಗಿಯುತ್ತ ಬಂದಿತ್ತು. ಜಪಾನಿನವರು ಗೆರೆಯ ಸಮೀಪಕ್ಕೆ ನುಗ್ಗಿದ್ದರು. ಎದುರು ಪಕ್ಷದ ಒಬ್ಬನು ಶಿಕ್ಷೆಗೊಳಗಾಗಿ ಹೊರಗಿದ್ದನು. ಅಷ್ಟರಲ್ಲಿ ರೆಫರಿಯು ಜಪಾನಿಗೆ ಒಂದು ಪೆನಾಲ್ಟಿಯನ್ನು ಕೊಟ್ಟನು. ಒದ್ದು ಹಾಯಿಸಿದರೆ ಮೂರು ಅಂಕ. 32ಕ್ಕೆ 32, ಪಂದ್ಯ ಸಮ. ಎರಡು ಸಲ ಜಗತ್ತನ್ನು ಗೆದ್ದವರೊಡನೆ ಸಮನಾಗಿ ನಿಂತೆವೆಂದು ತಲೆಯೆತ್ತಿಕೊಂಡು ಊರಿಗೆ ಹೋಗಬಹುದಾಗಿತ್ತು. ಇನ್ನೊಂದು ದಾರಿ ಸ್ಕ್ರಮ್ ಕೇಳಿ ಟ್ರೈಗೆ ಯತ್ನಿಸುವುದು. ಅದು ಕೈಗೂಡದಿದ್ದರೆ ಸೋಲು ನಿಶ್ಚಯ.

ಮೇಲಿನ ಕೊಠಡಿಯಲ್ಲಿದ್ದ ಜೋನ್ಸ್ ಅವರು ಮೂರು ಅಂಕಗಳನ್ನು ತೆಗೆದುಕೊಳ್ಳಿರೆಂದು ಕೂಗಿಕೊಂಡರಂತೆ. ಲೀಚನು ಸ್ಕ್ರಮ್ ಕೇಳಿದುದನ್ನು ಕಂಡು, ಕೈಯಲ್ಲಿದ್ದ ವಾಕಿಟಾಕಿಯನ್ನು ಅಪ್ಪಳಿಸಿ ಒಡೆದುಹಾಕಿದರಂತೆ. ಈ ಸಂಗತಿಯನ್ನು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಕೆಳಗೆ ನಿಂತಿದ್ದ ನಾಯಕನಿಗೆ ಮಾತ್ರ ಬೇರೊಂದು ಸಂಗತಿ ಕಾಣುತ್ತಿತ್ತು: ದೈತ್ಯರು ದಣಿದಿದ್ದಾರೆ, ತನ್ನವರು ದಣಿದಿಲ್ಲ. 80 ನಿಮಿಷಗಳು ಕಳೆದರೂ ಚೆಂಡು ಆಟದಲ್ಲಿರುವವರೆಗೆ ಪಂದ್ಯ ನಿಲ್ಲದೆಂಬುದು ನಿಯಮ. ಚೆಂಡು ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ ಹರಿಯಿತು; ಅಮಾನಾಕಿ ಮಾಫಿಯ ಕೈಯಿಂದ, ಆಗತಾನೆ ಬದಲಿಯಾಗಿ ಬಂದಿದ್ದ ಕಾರ್ನ್ ಹೆಸ್ಕೆತ್ ಎಂಬವನ ಕೈಗೆ ಬಂದಿತು; ಅವನು ಎಡಮೂಲೆಯಲ್ಲಿ ನೆಲಕ್ಕೆ ಬಿದ್ದು ಚೆಂಡನ್ನು ಊರಿದನು. 34ಕ್ಕೆ 32. ವೃದ್ಧರಾದ ಜಪಾನೀ ಪ್ರೇಕ್ಷಕರು ಮಕ್ಕಳಂತೆ ಅತ್ತುಬಿಟ್ಟರು.

ನಾನೂ ಬಹುಕಾಲ ಪಾಠ ಹೇಳಿದವನು. ಈ ಪಂದ್ಯದಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದದ್ದು ಆ ಕೊನೆಯ ಟ್ರೈ ಅಲ್ಲ. ಗುರುವಿನ ಮಾತನ್ನು ಮೀರಿದ ಶಿಷ್ಯನ ಆ ಒಂದು ನಿರ್ಣಯ. “ನೀವು ಗೆಲ್ಲಬಲ್ಲಿರಿ” ಎಂದು ಮೂರು ವರ್ಷ ಕಲಿಸಿದ ಗುರುವಿಗೆ ಕಡೆಯ ಗಳಿಗೆಯಲ್ಲಿ ಧೈರ್ಯ ಕುಗ್ಗಿತು. ಕಲಿತ ಶಿಷ್ಯನಿಗೆ ಕುಗ್ಗಲಿಲ್ಲ. ತಾನು ಕಲಿಸಿದುದನ್ನು ಶಿಷ್ಯನು ತನಗಿಂತಲೂ ಹೆಚ್ಚಾಗಿ ನಂಬಿದನೆಂದರೆ, ಗುರುವಿಗೆ ಅದಕ್ಕಿಂತ ದೊಡ್ಡ ದಕ್ಷಿಣೆ ಯಾವುದು? ಮಂತ್ರಶಕ್ತಿಯು ದಾರಿಯನ್ನು ತೋರಿಸಿತು. ಕೊನೆಯ ಹೆಜ್ಜೆಯನ್ನಿಟ್ಟದ್ದು ಉತ್ಸಾಹಶಕ್ತಿ.

ಇಲ್ಲಿ ಒಂದು ಆಕ್ಷೇಪಣೆಯನ್ನು ಕೇಳಿದ್ದೇನೆ: ಲೀಚ್, ಹೆಸ್ಕೆತ್ ಇಬ್ಬರೂ ನ್ಯೂಜಿಲೆಂಡಿನಲ್ಲಿ ಹುಟ್ಟಿದವರು, ಮಾಫಿಯು ಟೊಂಗ ದ್ವೀಪದವನು, ಇದು ಜಪಾನಿನ ಜಯ ಹೇಗಾದೀತು? ನೆಲೆಸಿದ ದೇಶದ ಪರವಾಗಿ ಆಡುವುದು ಈ ಆಟದ ನಿಯಮಕ್ಕೆ ಒಪ್ಪಿದ್ದು. ಅನೇಕ ದೇಶಗಳು ಹಾಗೆ ಮಾಡುತ್ತವೆ. ಲೀಚನು ತನ್ನ ಹದಿನೈದನೆಯ ವಯಸ್ಸಿನಲ್ಲಿಯೇ ಓದಿಗಾಗಿ ಸಪ್ಪೊರೊ ಪಟ್ಟಣಕ್ಕೆ ಬಂದು, ಆ ನಾಡಿನ ಭಾಷೆಯನ್ನು ಕಲಿತು, ಆ ನಾಡಿನವನೇ ಆದವನು. ಹೆತ್ತ ತಾಯಿಯಂತೆ ಸಾಕಿದ ತಾಯಿಗೂ ಋಣವುಂಟೆಂಬುದನ್ನು ಯಶೋದೆಯ ಕಥೆಯನ್ನು ಬಲ್ಲ ನಮ್ಮ ಮನೆಗಳಲ್ಲಿ ಯಾರೂ ಅಲ್ಲಗಳೆಯರು.

ಆದರೆ ಸತ್ಯವನ್ನು ಪೂರ್ತಿಯಾಗಿ ಹೇಳಬೇಕು. ನಾಲ್ಕೇ ದಿನಗಳ ತರುವಾಯ ಸ್ಕಾಟ್ಲೆಂಡಿನವರು ಇದೇ ಜಪಾನನ್ನು 45ಕ್ಕೆ 10ರಂತೆ ಸೋಲಿಸಿದರು. ಆಮೇಲೆ ಸಮೋವ, ಅಮೆರಿಕ ತಂಡಗಳನ್ನು ಗೆದ್ದರೂ, ಅಂಕಗಳ ಲೆಕ್ಕಾಚಾರದಲ್ಲಿ ಹಿಂದೆ ಬಿದ್ದು, ಮೂರು ಪಂದ್ಯಗಳನ್ನು ಗೆದ್ದೂ ಮುಂದಿನ ಸುತ್ತಿಗೆ ಹೋಗಲಾರದೆ ಹಿಂದಿರುಗಿದರು. ಸೋತ ದಕ್ಷಿಣ ಆಫ್ರಿಕದವರು ಚೇತರಿಸಿಕೊಂಡು ಮೂರನೆಯ ಸ್ಥಾನ ಪಡೆದರು. 2019ರಲ್ಲಿ ವಿಶ್ವಕಪ್ಪು ಜಪಾನಿನಲ್ಲಿಯೇ ನಡೆದಾಗ, ಜೇಮಿ ಜೋಸೆಫ್ ಅವರ ಶಿಕ್ಷಣದಲ್ಲಿ ಪಳಗಿದ ತಂಡವು ಐರ್ಲೆಂಡನ್ನು 19ಕ್ಕೆ 12ರಂತೆಯೂ, ಭೀಕರ ಚಂಡಮಾರುತವು ಬೀಸಿಹೋದ ಮರುದಿನವೇ ಯೊಕೊಹಾಮದಲ್ಲಿ ಸ್ಕಾಟ್ಲೆಂಡನ್ನು 28ಕ್ಕೆ 21ರಂತೆಯೂ ಸೋಲಿಸಿ, ಮೊಟ್ಟಮೊದಲ ಸಲ ಎಂಟರ ಘಟ್ಟಕ್ಕೆ ಏರಿತು. ಅಲ್ಲಿ ಎದುರಾದವರು ಯಾರು? ಅದೇ ದಕ್ಷಿಣ ಆಫ್ರಿಕದವರು. ಈ ಸಲ ಅವರು ಎಚ್ಚರವಾಗಿದ್ದರು. ಜಪಾನಿಗೆ ದೊರೆತದ್ದು ಮೂರೇ ಅಂಕ, ಅವರಿಗೆ 26. ಮೊಸಳೆಯು ಎರಡನೆಯ ಸಲ ನೆಲಕ್ಕೆ ಬರಲಿಲ್ಲ. ಆ ವರ್ಷ ವಿಶ್ವಕಪ್ಪು ಅವರದೇ ಆಯಿತು.

ಹಾಗಾದರೆ ನಮ್ಮ ಪ್ರಶ್ನೆಗೆ ಉತ್ತರವೇನು? ಅಲ್ಪಬಲರಿಗೂ ಜಯವುಂಟು, ಆದರೆ ಹಾರೈಕೆಯಿಂದಲ್ಲ, ಬಲಿಷ್ಠರ ಅನುಕರಣೆಯಿಂದಲೂ ಅಲ್ಲ. ತನ್ನ ಬಲವು ಯಾವುದೆಂದು ಮೊದಲು ಅರಿಯಬೇಕು. ಆ ಬಲವು ಫಲಿಸುವ ನೆಲವನ್ನು ಆರಿಸಿಕೊಳ್ಳಬೇಕು. ಯಾರೂ ನೋಡದ ಬೆಳಗಿನ ಜಾವಗಳಲ್ಲಿ ವರ್ಷಗಟ್ಟಲೆ ಬೆವರು ಸುರಿಸಬೇಕು. ಸಮಬಲದ ಗೌರವವು ಕೈಗೆ ಬಂದಾಗಲೂ ಅದನ್ನು ಬಿಟ್ಟು ಜಯವನ್ನೇ ಕೇಳುವ ಎದೆಯಿರಬೇಕು. ಇಷ್ಟಿದ್ದರೂ ಜಯವು ಒಮ್ಮೆ ಬರಬಹುದು, ಮತ್ತೊಮ್ಮೆ ಬಾರದಿರಬಹುದು. ಆದರೆ 145 ಅಂಕಗಳ ಸೋಲನ್ನುಂಡವರು ಎಂಟರ ಘಟ್ಟದಲ್ಲಿ ಜಗಜ್ಜೇತರಾಗಲಿದ್ದವರ ಎದುರಿಗೆ ನಿಂತರಲ್ಲ, ಆ ನಿಲುಗಡೆಯನ್ನು ಯಾವ ಸೋಲೂ ಕಿತ್ತುಕೊಳ್ಳಲಾರದು.

ನಮ್ಮ ಮನೆಯ ಮಕ್ಕಳು ಪರೀಕ್ಷೆಯಲ್ಲಿಯೋ ಪಂದ್ಯದಲ್ಲಿಯೋ ಸೋತು ಮುಖ ಬಾಡಿಸಿಕೊಂಡು ಬಂದಾಗ, “ನಮ್ಮಂತಹವರಿಗೆ ಅದೆಲ್ಲ ಎಲ್ಲಿಯದು?” ಎಂಬ ಮಾತು ಹಿರಿಯರ ಬಾಯಿಂದ ಬಾರದಿರಲಿ. ಆ ಮಾತೇ ಬೆಳೆಯುವ ಮಕ್ಕಳಿಗೆ ಮೊದಲನೆಯ ಸೋಲು. ಬದಲಾಗಿ, ಮಗುವನ್ನು ಹತ್ತಿರ ಕೂರಿಸಿಕೊಂಡು ಬ್ರೈಟನ್ನಿನ ಈ ಕಥೆಯನ್ನು ಹೇಳಿರಿ. ಬೆಳಗಿನ 5 ಗಂಟೆಯ ಭಾಗವನ್ನು ಮಾತ್ರ ಬಿಡದೆ ಹೇಳಿರಿ.