ಹಳೆಯ ಮೋಟಾರು ಸೈಕಲ್ಲಿನ ಸಣ್ಣ ಅವಯವಗಳು



ಕಾರವಾರ ಅಂಕೋಲೆಗಳ ಹಳೆಯ ಮನೆಗಳ ಹಿತ್ತಿಲ ಕೊಟ್ಟಿಗೆಗಳಲ್ಲಿ, ತೆಂಗಿನ ಗರಿಗಳ ನಡುವೆ, ಜಾವಾ ಮೋಟಾರು ಸೈಕಲ್ಲೊಂದು ನಿಂತಿರುವುದನ್ನು ಇಂದಿಗೂ ಅಲ್ಲಲ್ಲಿ ಕಾಣಬಹುದು. ಮೂಲತಃ ಚೆಕೊಸ್ಲೊವಾಕಿಯಾ ದೇಶದ ಈ ವಾಹನವನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ತಯಾರಿಸತೊಡಗಿತು. ಮುಂದೆ ಅದೇ ಕಾರ್ಖಾನೆಯ ಗಾಡಿಗಳು ಯೆಜ್ಡಿ ಎಂಬ ಹೆಸರಿನಿಂದ ಪ್ರಸಿದ್ಧವಾದವು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ ಹೆಸರು ಮತ್ತೆ ಬಂದಿತಾದರೂ ಆ ಹೊಸ ಗಾಡಿಗಳ ಎಂಜಿನ್ನು ಬೇರೆ ಜಾತಿಯದು. ಅದರ ಒಂದು ಭಾಗವೂ ಹಳೆಯದಕ್ಕೆ ಹೊಂದುವುದಿಲ್ಲ. ಆದುದರಿಂದ ಹಳೆಯ ಜಾವಾದ ಸಿಲಿಂಡರು ಇಂದು ಮನೆಯ ಹಿರಿಯರು ಬಿಟ್ಟುಹೋದ ಪಾತ್ರೆಯಂತೆ. ಒಳಮೈ ಗೀರಿದರೆ ಕೊರೆಯಿಸಿ ಅಗಲ ಮಾಡಿ ದೊಡ್ಡ ಪಿಸ್ಟನ್ನು ಹಾಕಬಹುದು. ಸಾಮಾನ್ಯವಾಗಿ ಒಂದು ಸಲಕ್ಕೆ ಕಾಲು ಮಿಲಿಮೀಟರು. ಆದರೆ ಹಾಗೆ ಕೊರೆಯಲು ಅವಕಾಶವಿರುವುದು ಕೆಲವೇ ಸಲ. ಕೊರೆದ ಲೋಹ ಮರಳಿ ಬರುವುದಿಲ್ಲ.

ಇಂಥ ಒಂದು ಅವಕಾಶವನ್ನು ನಾನು ನನ್ನ ಕೈಯಾರೆ ಕಳೆದುಕೊಂಡವನು. ಅಂಕೋಲೆಯ ನನ್ನ ಸೋದರಮಾವನವರ ಜಾವಾವನ್ನು ಬಿಚ್ಚಿ, ಶುದ್ಧಮಾಡಿ, ಪುಸ್ತಕ ನೋಡಿಕೊಂಡು ಮರಳಿ ಜೋಡಿಸಿದೆ. ಎಂಜಿನ್ನು ಇಂಪಾಗಿ ನುಡಿಯಿತು. ಎರಡನೆಯ ವಾರ ರಾಮನಗುಳಿಯನ್ನು ದಾಟಿ ಅರಬೈಲು ಘಟ್ಟವನ್ನು ಹತ್ತುತ್ತಿರುವಾಗ ಒಂದು ಕರ್ಕಶ ಧ್ವನಿ ಕೇಳಿತು. ಹಿಂದಿನ ಚಕ್ರ ಬಿಗಿದುಕೊಂಡಿತು. ಕ್ಲಚ್ಚನ್ನು ಹಿಡಿಯುವಷ್ಟು ಎಚ್ಚರ ಕೈಗೆ ಇತ್ತಾದ್ದರಿಂದ ಹಿಂದಿನಿಂದ ಬರುತ್ತಿದ್ದ ಲಾರಿಗೆ ಸಿಕ್ಕಲಿಲ್ಲ. ಸಿಲಿಂಡರನ್ನು ಎತ್ತಿ ನೋಡಿದ ಮೇಸ್ತ್ರಿಯು ಕೇಳಿದ್ದು ಒಂದೇ ಮಾತು: “ಹಳೇ ಲಾಕೇ ಹಾಕಿದ್ರಾ ಮಾಸ್ತರ್ರೇ?”

ಲಾಕು ಎಂದರೆ ಸರ್ಕ್ಲಿಪ್ಪು. ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಗಜನ್ ಪಿನ್ನು ಅತ್ತಿತ್ತ ಸರಿಯದಂತೆ ಎರಡು ತುದಿಗಳಲ್ಲಿಯೂ ತಡೆಯುವ ಬಾಗಿದ ತಂತಿ. ತೂಕ ಅರ್ಧ ಗ್ರಾಮಿನಷ್ಟೆಂದು ಇಟ್ಟುಕೊಳ್ಳೋಣ. ಎಂಜಿನ್ನು ನಿಮಿಷಕ್ಕೆ 4,500 ಸುತ್ತು ತಿರುಗುವಾಗ ಪಿಸ್ಟನ್ನು ಸೆಕೆಂಡಿಗೆ 150 ಸಲ ನಿಂತು ದಿಕ್ಕು ಬದಲಿಸುತ್ತದೆ. ಜಾವಾದ ಪಿಸ್ಟನ್ನು ಓಡಾಡುವ ದೂರ 75 ಮಿಲಿಮೀಟರು. ಲೆಕ್ಕ ಹಾಕಿದರೆ, ಮೇಲಿನ ತುದಿಯಲ್ಲಿ ತಿರುಗುವ ಕ್ಷಣದಲ್ಲಿ ಆ ತಂತಿಯು ಸುಮಾರು ಅರ್ಧ ಕಿಲೋಗ್ರಾಂ ತೂಗಿದಂತೆ ಜಗ್ಗುತ್ತದೆ! ಒಮ್ಮೆ ಬಿಚ್ಚಿದ ಲಾಕಿನ ಬಿಗಿ ಸಡಿಲಿರುತ್ತದೆ. ಅದನ್ನು ಮತ್ತೆ ಹಾಕಲೇಕೂಡದು. ಹೊಸದನ್ನು ಹಾಕುವಾಗಲೂ ಅದರ ಬಾಯಿ ಮೇಲಕ್ಕೆ ಅಥವಾ ಕೆಳಕ್ಕೆ ಇರಬೇಕು. ಬಾಯಿ ಪಕ್ಕಕ್ಕಿದ್ದರೆ ಮೇಲೆ ಕೆಳಗೆ ಜಗ್ಗುವ ಬಲವು ತಂತಿಯ ತೋಳುಗಳನ್ನು ಕುಗ್ಗಿಸಿ ತೋಡಿನಿಂದ ಹೊರಕ್ಕೆ ತರಬಲ್ಲದು. ಈ ಕೆಲಸಕ್ಕೆ ಮೊದಲು ಕ್ರ್ಯಾಂಕಿನ ಬಾಯಿಗೆ ಶುಭ್ರವಾದ ಬಟ್ಟೆಯನ್ನು ತುರುಕುವುದನ್ನು ಮರೆಯಬಾರದು. ಲಾಕು ಬೆರಳಿನಿಂದ ಜಿಗಿದು ಒಳಗೆ ಬಿದ್ದರೆ ಇಡೀ ಎಂಜಿನ್ನನ್ನು ಬಿಚ್ಚುವ ಪ್ರಾಯಶ್ಚಿತ್ತ ತಪ್ಪಿದ್ದಲ್ಲ.

ಪಿನ್ನನ್ನು ಸುತ್ತಿಗೆಯಿಂದ ಹೊಡೆದು ಕೂರಿಸುವವರನ್ನು ನಾನು ಕಂಡಿದ್ದೇನೆ. ಏಟು ಬೀಳುವುದು ರಾಡಿನ ಮೇಲೆ. ಬಾಗಿದ ರಾಡು ಕಣ್ಣಿಗೆ ಕಾಣುವುದಿಲ್ಲ. ಅಲ್ಯುಮಿನಿಯಮ್ಮು ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುವ ಲೋಹ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪಿಸ್ಟನ್ನಿಗೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟು, ತೇವವನ್ನೊರಸಿ ಎಣ್ಣೆ ಸವರಿದರೆ, ಪಿನ್ನು ಹೆಬ್ಬೆರಳಿನ ಒತ್ತಿಗೆ ಒಳಸೇರುತ್ತದೆ.

ಇನ್ನು ರಿಂಗುಗಳು. ರಿಂಗಿನ ಎರಡು ತುದಿಗಳ ನಡುವೆ ಸಂದು ಬಿಡುವುದೇಕೆ? ಜಾವಾ ಸಿಲಿಂಡರಿನ ವ್ಯಾಸ 65 ಮಿಲಿಮೀಟರು, ಸುತ್ತಳತೆ 204. ಎರಕದ ಕಬ್ಬಿಣದ ಆ ರಿಂಗು ಸಿಲಿಂಡರಿಗಿಂತ ನೂರು ಡಿಗ್ರಿ ಹೆಚ್ಚು ಬಿಸಿಯಾದರೆ ಅದರ ಉದ್ದ ಸುಮಾರು 0.22 ಮಿಲಿಮೀಟರು ಬೆಳೆಯುತ್ತದೆ. ಅಷ್ಟಕ್ಕೆ ಎಡೆಯಿಲ್ಲದಿದ್ದರೆ ತುದಿಗಳು ಒಂದಕ್ಕೊಂದು ತಾಗಿ, ರಿಂಗು ಗೋಡೆಯನ್ನೇ ಒತ್ತಿ ಉಜ್ಜುತ್ತದೆ. ಆದುದರಿಂದ ರಿಂಗನ್ನು ಬರಿಯ ಸಿಲಿಂಡರಿನೊಳಗಿಟ್ಟು, ಓರೆಯಾಗದಂತೆ ಪಿಸ್ಟನ್ನಿನ ತಲೆಯಿಂದಲೇ ನೂಕಿ, ಸಂದನ್ನು ಫೀಲರ್ ಗೇಜಿನಿಂದ ಅಳೆಯತಕ್ಕದ್ದು. ಇನ್ನೊಂದು ವಿಶೇಷವುಂಟು. ಈ ಜಾತಿಯ ಎಂಜಿನ್ನಿನ ಗೋಡೆಯಲ್ಲಿ ಅನಿಲ ಹೋಗಿಬರುವ ಕಿಂಡಿಗಳಿವೆ. ರಿಂಗಿನ ತುದಿ ಅವುಗಳಿಗೆ ಸಿಕ್ಕಿ ಮುರಿಯದಿರಲೆಂದು ಪಿಸ್ಟನ್ನಿನ ತೋಡಿನಲ್ಲಿ ಸಣ್ಣದೊಂದು ಗೂಟವಿರುತ್ತದೆ. ತುದಿಗಳು ಗೂಟದ ಎರಡು ಪಕ್ಕಗಳಲ್ಲಿ ಕೂತಿವೆಯೇ ಎಂದು ನೋಡದೆ ಸಿಲಿಂಡರನ್ನು ಇಳಿಸಬಾರದು. ಇಳಿಸುವಾಗ ತಡೆಯಾದರೆ ನಿಲ್ಲಿಸಬೇಕು. ಬಲ ಹಾಕಿದರೆ ರಿಂಗು ಮುರಿಯುತ್ತದೆ.

ನಮ್ಮ ಕರಾವಳಿಯವರು ಹೆಚ್ಚು ಗಮನಿಸಬೇಕಾದುದು ಆಯಿಲ್ ಸೀಲುಗಳನ್ನು. ಎರಡು ಹೊಡೆತದ ಈ ಎಂಜಿನ್ನಿನಲ್ಲಿ ಪೆಟ್ರೋಲು ಗಾಳಿಗಳ ಮಿಶ್ರಣವು ಮೊದಲು ಕ್ರ್ಯಾಂಕಿನ ಕೋಣೆಗೆ ಬಂದು, ಅಲ್ಲಿ ಒತ್ತಲ್ಪಟ್ಟು, ಅನಂತರ ಮೇಲೇರುತ್ತದೆ. ಆ ಕೋಣೆಯ ಎರಡು ಪಕ್ಕಗಳ ಕಾವಲುಗಾರರೇ ರಬ್ಬರಿನ ಸೀಲುಗಳು. ಕ್ಲಚ್ಚಿನ ಕಡೆಯದು ಹರಿದರೆ ಗೇರಿನ ಎಣ್ಣೆ ಒಳಗೆ ಬಂದು ಹೊಗೆ ದಟ್ಟವಾಗುತ್ತದೆ. ಊರೆಲ್ಲ ನೋಡಿ ಹೇಳುತ್ತದೆ. ಡೈನಮೋ ಕಡೆಯದು ಹರಿದರೆ ಒಳಬರುವುದು ಬರಿಯ ಗಾಳಿ. ಪೆಟ್ರೋಲಿನ ಪಾಲೂ, ಅದರೊಡನೆ ಬರುವ ಎಣ್ಣೆಯ ಪಾಲೂ ಕಡಿಮೆಯಾಗಿ ಪಿಸ್ಟನ್ನು ಸದ್ದಿಲ್ಲದೆ ಕಾದು ಹಿಡಿದುಕೊಳ್ಳುತ್ತದೆ. ನನ್ನ ಎಣಿಕೆಯಲ್ಲಿ ಎರಡನೆಯದೇ ಅಪಾಯಕಾರಿ. ಸೀಲಿನ ಸ್ಪ್ರಿಂಗು ಇರುವ ಮುಖವು ಕ್ರ್ಯಾಂಕಿನ ಕಡೆಗಿರಬೇಕು. ಅದರ ತುಟಿಗೆ ಗ್ರೀಸು ಸವರಿ, ಶಾಫ್ಟಿನಲ್ಲಿ ಚೂಪಾದ ತೋಡಿದ್ದರೆ ಅದಕ್ಕೆ ತೆಳುವಾದ ಕಾಗದ ಸುತ್ತಿ, ಸೀಲನ್ನು ಏರಿಸಬೇಕು. ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಮದ್ಯಸಾರವು ಹಳೆಯ ರಬ್ಬರನ್ನು ಕೆಡಿಸಬಲ್ಲದು, ತೇವವನ್ನೂ ಎಳೆದುಕೊಳ್ಳುತ್ತದೆ. ಬೈತಖೋಲದ ಕಡೆಯಿಂದ ಬೀಸುವ ಉಪ್ಪುಗಾಳಿಯು ಮಳೆಗಾಲದಲ್ಲಿ ಮಾಡುವ ಕೆಲಸ ಬೇರೆ. ಸಂಜೆ ಒರಸಿಟ್ಟ ಸಿಲಿಂಡರಿನ ಒಳಮೈ ಬೆಳಗಾಗುವುದರೊಳಗೆ ಕೆಂಪಡರಿರುವುದನ್ನು ಕಂಡಿದ್ದೇನೆ. ಜೋಡಿಸುವ ಕೆಲಸ ಅರ್ಧಕ್ಕೆ ನಿಂತರೆ ಎಣ್ಣೆ ಸವರಿ, ಬಟ್ಟೆ ಸುತ್ತಿ ಇಡುವುದು ಉತ್ತಮ. ಬೆರಳ ಬೆವರಿನಲ್ಲಿಯೂ ಉಪ್ಪಿದೆ.

ಮಾವನವರ ಗಾಡಿಯ ಸಿಲಿಂಡರನ್ನು ಕಾಲು ಮಿಲಿಮೀಟರು ಕೊರೆಯಿಸಿ, ಹೊಸ ಪಿಸ್ಟನ್ನು, ಹೊಸ ಲಾಕುಗಳನ್ನು ಹಾಕಿದೆವು. ಈ ಸಲ ಲಾಕು ತೋಡಿನಲ್ಲಿ ಕೂತಿತೇ ಎಂಬುದನ್ನು ಮೇಸ್ತ್ರಿಯು ನನ್ನ ಕೈಯಿಂದಲೇ ಮೊಳೆಯ ತುದಿಯಿಂದ ತಿರುಗಿಸಿ ನೋಡಿಸಿದನು. ಮೊದಲ ಐದುನೂರು ಕಿಲೋಮೀಟರು ಘಟ್ಟ ಹತ್ತಿಸಲಿಲ್ಲ. ಅಂಕೋಲೆಯಿಂದ ಅವರ್ಸಾ, ಅಮದಳ್ಳಿಯ ಮೇಲೆ ಕಾರವಾರಕ್ಕೆ, ಅಲ್ಲಿಂದ ಹಿಂದಕ್ಕೆ, ನಡುವೆ ಎರಡು ಕಡೆ ನಿಲ್ಲಿಸಿ ಆರಿಸಿಕೊಂಡು ಓಡಿಸಿದೆ.