ವಲಸೆ ಮತ್ತು ಅಪರಾಧ: ಅಮೆರಿಕದ ಒಂದು ಹಳೆಯ ವಾದದ ಪರಿಶೀಲನೆ

ಅಮೆರಿಕ ಸಂಯುಕ್ತ ಸಂಸ್ಥಾನದ ರಾಜಕೀಯದಲ್ಲಿ ಹೊರನಾಡಿಗರ ವಲಸೆಯ ಪ್ರಶ್ನೆ ಎದ್ದಾಗಲೆಲ್ಲ ಸಾರ್ವಜನಿಕ ಭದ್ರತೆಯ ಪ್ರಶ್ನೆಯೂ ಅದರ ಬೆನ್ನಿಗೇ ಬರುತ್ತದೆ. 2016 ಮತ್ತು 2024ರ ಅಧ್ಯಕ್ಷ ಚುನಾವಣೆಗಳಲ್ಲಿ ಇವೆರಡೂ ಒಂದೇ ಮಾತಿನ ಎರಡು ಭಾಗಗಳೋ ಎಂಬಂತೆ ಕೇಳಿಬಂದುವು. ಹೊರಗಿನವರು ಬಂದಂತೆಲ್ಲ ಅಪರಾಧ ಹೆಚ್ಚುತ್ತದೆಂಬುದು ವಾದ. ಇದು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಐರ್ಲೆಂಡಿನವರನ್ನು ಕುರಿತೂ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಟಲಿ ಮತ್ತು ಪೋಲೆಂಡುಗಳವರನ್ನು ಕುರಿತೂ ಇದನ್ನೇ ಹೇಳಿದ್ದರು. ವಾದವನ್ನು ಪರೀಕ್ಷಿಸುವ ಕೆಲಸವೂ ಸುಮಾರು ನೂರು ವರ್ಷಗಳಷ್ಟು ಹಳೆಯದು. ಪರೀಕ್ಷೆಯ ಫಲ ಬಹುಮಟ್ಟಿಗೆ ವಾದಕ್ಕೆ ಪ್ರತಿಕೂಲವಾಗಿದ್ದರೂ ವಾದವು ಬಲಗುಂದದೆ ಉಳಿದಿರುವುದು ಸಮಾಜಶಾಸ್ತ್ರಜ್ಞನಿಗೆ ವಿಚಾರಾರ್ಹವಾದ ಸಂಗತಿ.

1924ರ ಶಾಸನವು ದೇಶವಾರು ಮಿತಿಗಳನ್ನು ಗೊತ್ತುಮಾಡಿ ವಲಸೆಯನ್ನು ಬಹಳವಾಗಿ ಕುಗ್ಗಿಸಿತು. ಅದಾದ ಏಳು ವರ್ಷಗಳ ಮೇಲೆ, 1931ರಲ್ಲಿ, ವಿಕರ್‌ಷಾಂ ಆಯೋಗವು ಪರದೇಶಜಾತರ ಅಪರಾಧಗಳನ್ನು ಕುರಿತು ಪ್ರತ್ಯೇಕವಾದೊಂದು ವರದಿಯನ್ನು ಪ್ರಕಟಿಸಿತು. ಜನಸಂಖ್ಯೆಯ ಪ್ರಮಾಣಕ್ಕೆ ಹೋಲಿಸಿದರೆ ಪರದೇಶಜಾತರ ಅಪರಾಧಗಳು ದೇಶಜಾತರವುಗಳಿಗಿಂತ ಕಡಮೆಯೆಂದು ಅದರ ನಿರ್ಣಯ.

ಇದಕ್ಕಿಂತ ಆಳವಾದ ಶೋಧನೆ ಷಿಕಾಗೋ ನಗರದಲ್ಲಿ ನಡೆಯಿತು. ಕ್ಲಿಫರ್ಡ್ ಷಾ ಮತ್ತು ಹೆನ್ರಿ ಮೆಕೇ ಎಂಬಿಬ್ಬರು ಆ ನಗರದ ಬಾಲಾಪರಾಧಿಗಳ ನ್ಯಾಯಾಲಯದ ದಾಖಲೆಗಳನ್ನು ಹಿಡಿದು ಪ್ರತಿಯೊಬ್ಬ ಬಾಲಕನ ಮನೆ ಎಲ್ಲಿತ್ತೆಂಬುದನ್ನು ನಕ್ಷೆಯ ಮೇಲೆ ಗುರುತಿಸಿದರು. ನಗರದ ಕೇಂದ್ರಕ್ಕೆ ಅಂಟಿಕೊಂಡ, ಬಡತನ ಹೆಚ್ಚಾಗಿದ್ದು ಬಾಡಿಗೆಯ ಜನ ಬಂದು ಹೋಗುತ್ತಿದ್ದ ಕೇರಿಗಳಲ್ಲಿ ಅಪರಾಧದ ಪ್ರಮಾಣ ಅತ್ಯಧಿಕವಾಗಿತ್ತು. ಅಲ್ಲಿ ವಾಸಿಸುತ್ತಿದ್ದ ಜನಾಂಗಗಳಾದರೋ ದಶಕದಿಂದ ದಶಕಕ್ಕೆ ಬದಲಾಗುತ್ತಲೇ ಇದ್ದುವು. ಜರ್ಮನರೂ ಐರಿಷರೂ ಹೋದ ಕಡೆ ಪೋಲರೂ ಇಟಾಲಿಯನರೂ ಬಂದರು. ಜನ ಬದಲಾದರೂ ಕೇರಿಯ ಪ್ರಮಾಣ ಹೆಚ್ಚು ಕಡಮೆ ಹಾಗೆಯೇ ನಿಂತಿತು. ಅಲ್ಲಿಂದ ಅನುಕೂಲವಾದ ಬಡಾವಣೆಗಳಿಗೆ ಹೋದ ಜನಾಂಗಗಳ ಮಕ್ಕಳಲ್ಲಿ ಅದು ಇಳಿಯಿತು. ದೋಷವು ರಕ್ತದಲ್ಲಿದ್ದರೆ ಅದು ಜನರೊಡನೆ ಸಾಗಿಹೋಗಬೇಕಾಗಿತ್ತು. ಅದು ನೆಲದಲ್ಲೇ ಉಳಿಯಿತು. 1942ರಲ್ಲಿ ಗ್ರಂಥರೂಪದಲ್ಲಿ ಹೊರಬಂದ ಈ ಶೋಧನೆಗೆ ಅನಂತರ ಅನೇಕ ತಿದ್ದುಪಡಿಗಳು ಬಂದಿವೆಯಾದರೂ ಅದರ ಮುಖ್ಯಾಂಶವನ್ನು ಕದಲಿಸಲು ಸುಲಭವಾಗಿಲ್ಲ.

ಅದೇ ನಗರದಲ್ಲಿ ರಾಬರ್ಟ್ ಸ್ಯಾಂಪ್ಸನ್ ಮತ್ತು ಅವರ ಸಹೋದ್ಯೋಗಿಗಳು 1995ರಿಂದ 2002ರವರೆಗೆ 180 ನೆರೆಹೊರೆಗಳ ತರುಣರನ್ನು ಪರಿಶೀಲಿಸಿದರು. ಕುಟುಂಬ ಮತ್ತು ನೆರೆಹೊರೆಯ ಸ್ಥಿತಿಗತಿಗಳನ್ನು ಲೆಕ್ಕಕ್ಕೆ ಹಿಡಿದ ಮೇಲೆ, ವಲಸೆ ಬಂದವರಲ್ಲಿ ಹಿಂಸಾಕೃತ್ಯದ ಸಂಭವವು ಮೂರನೆಯ ತಲೆಮಾರಿನ ಅಮೆರಿಕನರಿಗಿಂತ ಶೇಕಡ 45ರಷ್ಟು ಕಡಮೆ. ವಲಸೆಗಾರರ ಮಕ್ಕಳಲ್ಲಿ ಶೇಕಡ 22ರಷ್ಟು ಕಡಮೆ. ಟೆಕ್ಸಸ್ ಸಂಸ್ಥಾನದ 2012ರಿಂದ 2018ರವರೆಗಿನ ಬಂಧನದ ದಾಖಲೆಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೇಶಜಾತರು ಹಿಂಸಾಪರಾಧಗಳಿಗಾಗಿ ಬಂಧಿತರಾಗುವ ಪ್ರಮಾಣವು ಅನಧಿಕೃತ ವಲಸೆಗಾರರದಕ್ಕಿಂತ ಎರಡರಷ್ಟಕ್ಕೂ ಮೀರಿದೆ. ಇಡೀ ದೇಶದಲ್ಲಿ 1990ರಲ್ಲಿ ಜನಸಂಖ್ಯೆಯ ಶೇಕಡ 7.9ರಷ್ಟಿದ್ದ ಪರದೇಶಜಾತರು 2022ರ ವೇಳೆಗೆ ಸುಮಾರು ಶೇಕಡ 14ರಷ್ಟಾದರು. 1991ರಲ್ಲಿ ಲಕ್ಷ ಜನಕ್ಕೆ 758 ಇದ್ದ ಹಿಂಸಾಪರಾಧಗಳು 2022ರಲ್ಲಿ ಸುಮಾರು 380ಕ್ಕೆ ಇಳಿದುವು. ಒಂದು ಏರಿತು, ಇನ್ನೊಂದು ಇಳಿಯಿತೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನುವುದು ಅವಸರದ ಮಾತು. ಆದರೆ ವಲಸೆಯೊಡನೆ ಅಪರಾಧವೂ ಏರಲೇಬೇಕೆಂಬ ವಾದಕ್ಕೆ ಇಲ್ಲಿ ಆಧಾರ ದೊರೆಯದು.

ಕಾರಣಗಳೇನು? ದೂರದೇಶಕ್ಕೆ ಹೊರಡುವವನು ಸಾಮಾನ್ಯವಾಗಿ ದುಡಿಯಬೇಕೆಂದು ನಿಶ್ಚಯಿಸಿ ಹೊರಡುತ್ತಾನೆ. ಊರಿನವರೂ ನಂಟರೂ ಒತ್ತಾಗಿ ನೆಲಸಿದ ಕೇರಿಯಲ್ಲಿ ಹುಡುಗರ ಮೇಲೆ ಹತ್ತಾರು ಕಣ್ಣುಗಳಿರುತ್ತವೆ. ದೇಶದಿಂದ ಹೊರಗೆ ದೂಡಿಯಾರೆಂಬ ಭಯವೂ ಉಂಟು. ಇವುಗಳಲ್ಲಿ ಯಾವುದರ ಪಾಲು ಎಷ್ಟೆಂಬ ಚರ್ಚೆ ಇನ್ನೂ ನಡೆದಿದೆ.

ಇದನ್ನು ಎಲ್ಲ ದೇಶಗಳಿಗೂ ಅನ್ವಯಿಸುವುದು ತಪ್ಪಾಗುತ್ತದೆ. ಸ್ವೀಡನ್ನಿನ ಅಪರಾಧ ನಿವಾರಣ ಮಂಡಲಿಯ 2021ರ ವರದಿಯಂತೆ ಅಲ್ಲಿನ ಪರದೇಶಜಾತರು ಅಪರಾಧದ ಸಂದೇಹಕ್ಕೆ ಒಳಗಾಗುವ ಪ್ರಮಾಣವು, ತಂದೆತಾಯಿಗಳಿಬ್ಬರೂ ದೇಶಜಾತರಾದವರದಕ್ಕಿಂತ ಎರಡೂವರೆಯಷ್ಟು. ವಯಸ್ಸು, ಆದಾಯ ಮೊದಲಾದುವನ್ನು ಲೆಕ್ಕ ಹಿಡಿದರೆ ಅಂತರ ಕುಗ್ಗುತ್ತದೆ, ಇಲ್ಲದಾಗುವುದಿಲ್ಲ. ಯಾರು ಬಂದರು, ಯಾವ ಸ್ಥಿತಿಯಲ್ಲಿ ಬಂದರು, ಅವರಿಗೆ ಕೆಲಸ ಸಿಕ್ಕಿತೇ ಎಂಬುದೆಲ್ಲ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ. ಅಮೆರಿಕದ ಅಂಕೆಗಳಿಂದ ಸ್ವೀಡನ್ನಿನವರ ಬಾಯಿ ಮುಚ್ಚಿಸಹೊರಡುವವರೂ, ಸ್ವೀಡನ್ನನ್ನು ತೋರಿಸಿ ಅಮೆರಿಕದವರನ್ನು ಹೆದರಿಸುವವರೂ ಸಮಾನವಾಗಿ ಅಶಾಸ್ತ್ರೀಯರು.

ಹಾಗಾದರೆ ಅಮೆರಿಕದಲ್ಲಿ ಈ ನಂಬಿಕೆ ಏಕೆ ಉಳಿದಿದೆ? ಪ್ರಮಾಣವೆಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ, ಕೊಲೆಯೊಂದು ಕಾಣುತ್ತದೆ. ಅನಧಿಕೃತ ವಲಸೆಗಾರನೊಬ್ಬನ ಕೈಯಲ್ಲಿ ಹತಳಾದ ತರುಣಿಯ ಹೆಸರನ್ನೇ ಹೊತ್ತು, ಕಳವು ಮೊದಲಾದ ಆರೋಪಗಳಿಗೆ ಸಿಕ್ಕಿದ ಅನಧಿಕೃತ ವಲಸೆಗಾರರನ್ನು ಬಂಧನದಲ್ಲಿಡಲೇಬೇಕೆಂದು ವಿಧಿಸುವ ಶಾಸನವು 2025ರ ಜನವರಿಯಲ್ಲಿ ಜಾರಿಗೆ ಬಂದಿತು. ಮಗಳನ್ನು ಕಳೆದುಕೊಂಡ ಮನೆಯವರ ಮುಂದೆ ಶೇಕಡಾವಾರು ಲೆಕ್ಕ ಒಪ್ಪಿಸುವುದು ನಿರ್ದಯವಾದ ಕೆಲಸ. ಆದರೆ ಅಂಥ ಇನ್ನೊಂದು ಮರಣವನ್ನು ತಪ್ಪಿಸುವ ಉಪಾಯ ಯಾವುದೆಂಬ ಪ್ರಶ್ನೆಗೆ ಲೆಕ್ಕವಲ್ಲದೆ ಬೇರೆ ದಾರಿಯಿಲ್ಲ.

ಅಂಥ ಉಪಾಯವೊಂದನ್ನು ಪರೀಕ್ಷಿಸುವ ಅವಕಾಶವೂ ದೊರೆತಿತ್ತು. ಸ್ಥಳೀಯ ಪೊಲೀಸರು ಹಿಡಿದ ಪ್ರತಿಯೊಬ್ಬನ ಬೆರಳಚ್ಚನ್ನೂ ವಲಸೆಯ ಅಧಿಕಾರಿಗಳ ದಾಖಲೆಯೊಡನೆ ತಾಳೆನೋಡುವ ಯೋಜನೆ 2008ರಲ್ಲಿ ಆರಂಭವಾಗಿ ಕೌಂಟಿಯಿಂದ ಕೌಂಟಿಗೆ ಹರಡಿತು. ಎಲ್ಲೆಡೆಯೂ ಒಂದೇ ದಿನ ಜಾರಿಗೆ ಬಾರದಿದ್ದುದರಿಂದ, ಯೋಜನೆ ತಲುಪಿದ ಮತ್ತು ಇನ್ನೂ ತಲುಪದ ಕೌಂಟಿಗಳನ್ನು ಹೋಲಿಸುವುದು ಸಾಧ್ಯವಾಯಿತು. ಅಪರಾಧದ ಪ್ರಮಾಣದ ಮೇಲೆ ಗಮನಾರ್ಹ ಪರಿಣಾಮವಿಲ್ಲವೆಂದು 2014ರಲ್ಲಿ ಥಾಮಸ್ ಮೈಲ್ಸ್ ಮತ್ತು ಆಡಂ ಕಾಕ್ಸ್ ತೋರಿಸಿದರು. ಇನ್ನೊಂದು ಪರಿಣಾಮವಾದರೋ ಕಂಡಿತು. 2013ರಲ್ಲಿ ಪ್ರಕಟವಾದ, ನಾಲ್ಕು ದೊಡ್ಡ ಕೌಂಟಿಗಳ ಲ್ಯಾಟಿನೋ ಜನರನ್ನು ಪ್ರಶ್ನಿಸಿದ ಸಮೀಕ್ಷೆಯಲ್ಲಿ, ತಾವೇ ಅಪರಾಧಕ್ಕೆ ತುತ್ತಾದರೂ ವಲಸೆಯ ವಿಚಾರಣೆಗೆ ಅಂಜಿ ಪೊಲೀಸರ ಬಳಿಗೆ ಹೋಗಲು ಹಿಂಜರಿಯುವೆವೆಂದವರು ಶೇಕಡ 44. ಅನಧಿಕೃತರಲ್ಲಿ ಶೇಕಡ 70. ದೂರು ಕೊಡದವನ ಮೇಲೆ ನಡೆದ ಅಪರಾಧ ಪೊಲೀಸರ ಲೆಕ್ಕಕ್ಕೆ ಬಾರದು. ಅದನ್ನು ಮಾಡಿದವನು ಅದೇ ಬೀದಿಯಲ್ಲಿ ಉಳಿಯುತ್ತಾನೆ, ಅಲ್ಲಿ ನಡೆದಾಡುವವರಲ್ಲಿ ದೇಶಜಾತರೂ ಇರುತ್ತಾರೆ.