ಇಲ್ಲದ ಲೋಕಕ್ಕೊಂದು ಕೋವಿ

1977ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಚಿತ್ರದ ಬಿಳಿ ಕವಚದ ಸೈನಿಕರು ಹಿಡಿದಿರುವ ಆಯುಧವನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಕಥೆ ನಡೆಯುವುದು ಎಲ್ಲೋ ದೂರದ ನಕ್ಷತ್ರಲೋಕದಲ್ಲಿ. ಆಯುಧ ಮಾತ್ರ ನಮಗೆ ಪರಿಚಯದ್ದೇ. ಅದು ಬ್ರಿಟನ್ನಿನ ಸ್ಟರ್ಲಿಂಗ್ ಸಬ್‌ಮಷಿನ್ ಗನ್. ಕಾನ್ಪುರದ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ಸೈನಿಕರ, ಪೊಲೀಸರ ಹೆಗಲೇರಿದ ಕಾರ್ಬೈನ್ ಅದರದೇ ಕುಲದ್ದು. ಚಿತ್ರದ ಸೆಟ್ ಅಲಂಕಾರದ ಹೊಣೆ ಹೊತ್ತಿದ್ದ ರೋಜರ್ ಕ್ರಿಶ್ಚಿಯನ್ ಕೈಯಲ್ಲಿ ಹಣವೂ ಕಡಿಮೆ, ಸಮಯವೂ ಕಡಿಮೆ. ಅವರು ನಿಜವಾದ ಗನ್ನಿನ ನಳಿಗೆಯ ಸುತ್ತ ಪಟ್ಟಿಗಳನ್ನು ಅಂಟಿಸಿದರು, ಮೇಲೊಂದು ಹಳೆಯ ದುರ್ಬೀನು ಕೂರಿಸಿದರು. ನಿಜವಾದ ಕಬ್ಬಿಣದ ತೂಕ ನಟರ ಭುಜವನ್ನು ಎಳೆಯಿತು. ಆ ಎಳೆತ ಪರದೆಯ ಮೇಲೆ ಕಾಣುತ್ತದೆ, ನೋಡುವವರು ನಂಬುತ್ತಾರೆ.

ಕಲ್ಪನೆಯ ಲೋಕಕ್ಕೆ ಸೈನ್ಯದ ರೈಫಲ್ ಒಂದನ್ನು ರೂಪಿಸುವುದು ಇಂದು ಬಿಡುವಿಲ್ಲದ ಕಸುಬು. ಬೆಂಗಳೂರಿನ ಗೇಮ್ ಸ್ಟುಡಿಯೊಗಳಲ್ಲಿ ಕಾನ್ಸೆಪ್ಟ್ ಆರ್ಟಿಸ್ಟ್ ಎಂದು ಕರೆಸಿಕೊಳ್ಳುವವರ ಕೆಲಸದಲ್ಲಿ ಇದೂ ಒಂದು. ಹೊಸಬರು ನಳಿಗೆಯಿಂದ ಶುರುಮಾಡುತ್ತಾರೆ. ಉದ್ದ ಎಷ್ಟು, ನೀಲಿ ಬೆಳಕು ಎಲ್ಲಿಂದ ಹೊಮ್ಮಬೇಕು ಎಂಬುದೇ ಅವರ ಚಿಂತೆ. ಪಳಗಿದವರು ಮೊದಲು ಕೇಳುವ ಪ್ರಶ್ನೆಗಳೇ ಬೇರೆ. ಇದನ್ನು ಹೊರುವವರು ಯಾರು? ಯಾವ ನೆಲದ ಮೇಲೆ ನಡೆಯುತ್ತಾರೆ? ಕೆಟ್ಟರೆ ರಿಪೇರಿ ಮಾಡುವವರು ಯಾರು? ಇವಕ್ಕೆ ಉತ್ತರ ಸಿಕ್ಕಿತೆಂದರೆ ಅರ್ಧ ಚಿತ್ರ ತಾನಾಗಿ ಮೂಡುತ್ತದೆ.

ಇದಕ್ಕೆ ನನ್ನ ಮಟ್ಟಿಗೆ ಅತ್ಯುತ್ತಮ ಉದಾಹರಣೆ 1986ರ ‘ಏಲಿಯನ್ಸ್’ ಚಿತ್ರದ ಪಲ್ಸ್ ರೈಫಲ್. ಅದರ ಮೊದಲ ರೇಖೆಗಳನ್ನು ಎಳೆದವರು ನಿರ್ದೇಶಕ ಜೇಮ್ಸ್ ಕ್ಯಾಮರನ್ ಅವರೇ. ಒಳಗಿರುವುದು ಎರಡನೇ ಮಹಾಯುದ್ಧದ ಕಾಲದ ಥಾಮ್ಸನ್ ಗನ್, ಅದರ ಕೆಳಗೆ ಒಂದು ಶಾಟ್‌ಗನ್. ಪಕ್ಕದಲ್ಲಿ ಉಳಿದ ಗುಂಡುಗಳ ಲೆಕ್ಕ ತೋರಿಸುವ ಕೆಂಪು ಅಂಕಿಗಳಿವೆ. ಆ ಪುಟ್ಟ ಕಿಂಡಿಯನ್ನು ನಾನು ಎಷ್ಟು ಮೆಚ್ಚಿದರೂ ಸಾಲದು. ಲೆಕ್ಕ ಇಳಿಯುತ್ತ ಹೋದಂತೆ ಭಯ ಏರುತ್ತದೆ, ಪಾತ್ರ ಒಂದು ಮಾತೂ ಆಡಬೇಕಿಲ್ಲ. ಸರಬರಾಜಿಗೆ ಲೆಕ್ಕ ಇಡುವ, ಸೈನಿಕನ ನೆನಪನ್ನು ನಂಬದ ಒಂದು ದೊಡ್ಡ ಸೈನ್ಯ ಆ ಅಂಕಿಗಳ ಹಿಂದಿದೆ ಎಂಬುದೂ ನಮಗೆ ತಿಳಿದುಬಿಡುತ್ತದೆ.

ಇನ್ನು ಭೌತಶಾಸ್ತ್ರ. ಇದನ್ನು ಕಟ್ಟುಪಾಡು ಎಂದು ದೂರ ಇಡುವವರು ಒಳ್ಳೆಯ ಕಥೆಗಳನ್ನೇ ಕೈಬಿಡುತ್ತಾರೆ. ನಮ್ಮ ಪೊಲೀಸರು ವರ್ಷಗಟ್ಟಲೆ ಹೊತ್ತ ಎಸ್‌ಎಲ್‌ಆರ್ ರೈಫಲ್ಲಿನ ಗುಂಡು ಸುಮಾರು ಒಂಬತ್ತೂವರೆ ಗ್ರಾಂ ತೂಗುತ್ತದೆ, ಸೆಕೆಂಡಿಗೆ 840 ಮೀಟರ್ ವೇಗದಲ್ಲಿ ಹೊರಡುತ್ತದೆ. ಮದ್ದಿನಲ್ಲಿಯೇ ಆಮ್ಲಜನಕ ಇರುವುದರಿಂದ ಗಾಳಿಯಿಲ್ಲದ ಬಾಹ್ಯಾಕಾಶದಲ್ಲೂ ಅದು ಹೊತ್ತಿಕೊಳ್ಳುತ್ತದೆ. ಆದರೆ ಅಲ್ಲಿ ಕಾಲೂರಲು ನೆಲವಿಲ್ಲ. ಉಡುಪು ಸೇರಿ 160 ಕಿಲೋ ತೂಗುವ ಸೈನಿಕ ಒಂದು ಗುಂಡು ಹಾರಿಸಿದರೆ ಸೆಕೆಂಡಿಗೆ ಸುಮಾರು 5 ಸೆಂಟಿಮೀಟರ್ ವೇಗದಲ್ಲಿ ಹಿಂದಕ್ಕೆ ತೇಲುತ್ತಾನೆ. ಹತ್ತು ಹಾರಿಸಿದರೆ ಅರ್ಧ ಮೀಟರ್, ತಡೆಯುವವರಿಲ್ಲ. ಕೋವಿ ಭುಜದ ಮೇಲಿರುವುದರಿಂದ ತೇಲುವುದರ ಜೊತೆಗೆ ಗಿರಗಿರನೆ ತಿರುಗುತ್ತಾನೆ ಕೂಡ. ಸೋವಿಯತ್ ಒಕ್ಕೂಟ 1975ರ ಜನವರಿಯಲ್ಲಿ ತನ್ನ ಸಲ್ಯೂತ್–3 ನಿಲ್ದಾಣದಿಂದ ನಿಜಕ್ಕೂ ಫಿರಂಗಿ ಹಾರಿಸಿತು. ಒಳಗೆ ಜನರಿಲ್ಲದ ಹೊತ್ತು ನೋಡಿ, ಭೂಮಿಯಿಂದಲೇ ಆಜ್ಞೆ ಕೊಟ್ಟು ಹಾರಿಸಿತು. ಆ ಫಿರಂಗಿಯನ್ನು ಗುರಿಗೆ ತಿರುಗಿಸಲು ಇಡೀ ನಿಲ್ದಾಣವನ್ನೇ ತಿರುಗಿಸಬೇಕಿತ್ತು.

ಹಾಗಾದರೆ ಲೇಸರ್ ಆಗಲಿ ಅನ್ನಬಹುದು. ಅದೇ ಎಸ್‌ಎಲ್‌ಆರ್ ಗುಂಡಿನ ಶಕ್ತಿ ಸುಮಾರು 3,300 ಜೂಲ್. ನಮ್ಮ ಜೇಬಿನಲ್ಲಿರುವ 5,000 ಎಂಎಎಚ್ ಮೊಬೈಲ್ ಬ್ಯಾಟರಿಯಲ್ಲಿ 69,000 ಜೂಲ್ ಹತ್ತಿರ ಇರುತ್ತದೆ, ಅಂದರೆ ಇಪ್ಪತ್ತು ಗುಂಡುಗಳಷ್ಟು. ಬ್ಯಾಟರಿ ಅಷ್ಟನ್ನೂ ಕಣ್ಣು ಮಿಟುಕಿಸುವುದರೊಳಗೆ ಸುರಿಯಲಾರದು, ಅದು ಒಂದು ತೊಡಕು. ಮೂರರಲ್ಲೊಂದು ಪಾಲು ಮಾತ್ರ ಬೆಳಕಾಗುವ ಲೇಸರ್‌ನಲ್ಲಿ ಉಳಿದ ಎರಡು ಪಾಲು ಶಾಖವಾಗಿ ಹಿಡಿದವನ ಕೈಯಲ್ಲೇ ಉಳಿಯುತ್ತದೆ, ಇದು ಇನ್ನೂ ದೊಡ್ಡ ತೊಡಕು. ಬಲ್ಲ ವಿನ್ಯಾಸಕ ಇದನ್ನು ಮುಚ್ಚಿಡುವುದಿಲ್ಲ. ಶಾಖ ಹೊರಹೋಗಲು ರೆಕ್ಕೆಯಂಥ ತಗಡುಗಳನ್ನು ಬರೆಯುತ್ತಾನೆ, ಕೈಸುಡದಂತೆ ಹಿಡಿಗೆ ಹೊದಿಕೆ ಸುತ್ತುತ್ತಾನೆ. ಆ ಹೊದಿಕೆ ಒಂದು ಕಡೆ ಕರಕಲಾಗಿರುವುದನ್ನೂ ತೋರಿಸುತ್ತಾನೆ.

ಇಷ್ಟಾದ ಮೇಲೆ ನೆಲ. ಇದನ್ನು ಕಲಿಯಲು ಮೈಸೂರು ಜಿಲ್ಲೆಯ ನಮ್ಮ ಹೊಸ ಅಗ್ರಹಾರದ ಸುತ್ತಮುತ್ತಲಿಗಿಂತ ಒಳ್ಳೆಯ ಶಾಲೆ ಬೇಕಿಲ್ಲ. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ನಾಟಿಯ ಕಾಲಕ್ಕೆ ಮೊಣಕಾಲುದ್ದ ಕೆಸರು. ಇಂಥದೊಂದು ಗ್ರಹವನ್ನು, ಗದ್ದೆ ಕೆಲಸ ಬಿಟ್ಟು ಕಾವಲಿಗೆ ಬಂದ ಸೈನಿಕರನ್ನು ಊಹಿಸಿಕೊಳ್ಳಿ. ಅವರ ಕೋವಿಯಲ್ಲಿ ತೂತುಗಳು ಕಡಿಮೆ ಇರಬೇಕು. ಖಾಲಿ ತೋಟಾ ಹೊರಬೀಳುವ ಬಾಯಿಗೆ ತಾನೇ ಮುಚ್ಚಿಕೊಳ್ಳುವ ಮುಚ್ಚಳ ಬೇಕು. ಕೆಸರು ಮೆತ್ತಿದ ಬೆರಳು ನುಗ್ಗುವಂತೆ ಕುದುರೆಯ ಸುತ್ತಲಿನ ಬಳೆ ಅಗಲವಾಗಿರಬೇಕು. ಹಿಂದಿನ ತುದಿ ಇನ್ನೂ ಅಗಲವಾಗಿರಬೇಕು, ಊರಿಕೊಂಡು ಬದುವೇರುವಾಗ ಅದು ಹೂತುಹೋಗಬಾರದು. ಬಿಚ್ಚುವ ಬಿಡಿಭಾಗಗಳಿಗೆ ಹಳದಿ ಬಣ್ಣ ಹಾಕಿರಬೇಕು, ಕೈಜಾರಿ ಬಿದ್ದರೆ ಕೆಸರಿನಲ್ಲಿ ಕಣ್ಣಿಗೆ ಬೀಳಲಿ ಎಂದು.

ಅಲ್ಲಿಂದ ಹುಣಸೂರು, ಪಿರಿಯಾಪಟ್ಟಣದ ಕಡೆ ಹೊರಟರೆ ತಂಬಾಕು ಹೊಲಗಳ ಕೆಂಪು ಮಣ್ಣು. ಬೇಸಿಗೆಯ ಧೂಳು ಎಣ್ಣೆ ಕಂಡಲ್ಲಿ ಅಂಟುತ್ತದೆ, ಆ ಲೋಕದ ಕೋವಿಗೆ ಎಣ್ಣೆಯೇ ಬೇಡದ ಒಳಗು ಬೇಕು. ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ಲಂಟಾನದ ಪೊದೆ ದಾರಿ ಬಿಡುವುದಿಲ್ಲ. ಉದ್ದ ನಳಿಗೆ ಹೆಜ್ಜೆಗೊಮ್ಮೆ ಸಿಕ್ಕಿಕೊಳ್ಳುವ ಅಲ್ಲಿ ಮೋಟು ನಳಿಗೆ ಬೇಕು, ಹೊರಗೆ ಚಾಚಿದ ಕೊಕ್ಕೆ ಒಂದೂ ಇರಬಾರದು. ಒಂದೇ ದಿನದಲ್ಲಿ ಬಸ್ಸಿನಲ್ಲಿ ಸುತ್ತಿ ಬರಬಹುದಾದ ಸೀಮೆ ಮೂರು ಬೇರೆ ಬೇರೆ ರೈಫಲ್ ಕೇಳುತ್ತದೆ. ಹೀಗಿರುವಾಗ ಇಡೀ ಒಂದು ಗ್ರಹಕ್ಕೆ ಒಂದೇ ಆಯುಧ ಬರೆದು ಮುಗಿಸುವುದು ಅವಸರದ ಕೆಲಸ ಎಂದೇ ನನ್ನ ಅಭಿಪ್ರಾಯ. ನೆಲ ಮತ್ತು ಸರಬರಾಜನ್ನು ಮರೆತರೆ ಏನಾಗುತ್ತದೆ ಎಂಬುದನ್ನು 1960ರ ದಶಕದ ವಿಯೆಟ್ನಾಂ ತೋರಿಸಿದೆ. ಅಮೆರಿಕದ ಎಂ–16ಕ್ಕೆ ಮದ್ದು ಬದಲಾಯಿತು, ಶುಚಿಗೊಳಿಸುವ ಸಾಮಗ್ರಿ ಎಲ್ಲರ ಕೈಗೂ ತಲುಪಲಿಲ್ಲ. ಯುದ್ಧದ ನಡುವೆ ರೈಫಲ್ಲುಗಳು ಕಚ್ಚಿಕೊಂಡು ನಿಂತವು, ಸೈನಿಕರು ಸತ್ತರು.

ಆಯುಧದ ಮೇಲೆ ಒಂದು ರಾಜ್ಯ ತನ್ನ ರುಜು ಹಾಕುವುದು ಹೇಗೆ ಎಂದು ನೋಡಲು ಶ್ರೀರಂಗಪಟ್ಟಣಕ್ಕೆ ಹೋಗಬೇಕು. ಟಿಪ್ಪುವಿನ ಕಾರ್ಖಾನೆಗಳಿಂದ ಬಂದ ಫಿರಂಗಿಯ ಬಾಯಿ ಹುಲಿಯ ಬಾಯಿ, ಕತ್ತಿಯ ಹಿಡಿ ಹುಲಿಯ ತಲೆ, ಸೈನಿಕರ ಬಟ್ಟೆಯ ಮೇಲೂ ಹುಲಿಯ ಪಟ್ಟೆ. ಯಾವ ಚೂರನ್ನು ಎಲ್ಲಿ ಕಂಡರೂ ಅದು ಯಾರದೆಂದು ಕೇಳಬೇಕಿಲ್ಲ. ಇಂದಿನ ವಿನ್ಯಾಸಕರು ಒಂದು ಲೋಕಕ್ಕೆ ಒಂದೇ ರೂಪಭಾಷೆ ಇರಬೇಕು ಎಂದು ಹೆಣಗುತ್ತಾರಲ್ಲ, ಅದನ್ನು ಇಲ್ಲಿಯ ಕಮ್ಮಾರರು ಹದಿನೆಂಟನೇ ಶತಮಾನದಲ್ಲೇ ಮಾಡಿ ತೋರಿಸಿದ್ದರು. ಅದೇ ಸೈನ್ಯದ ರಾಕೆಟ್ಟುಗಳಲ್ಲಿ ಅಲಂಕಾರಕ್ಕಿಂತ ಲೋಹವೇ ಮಾತಾಡುತ್ತದೆ. ಕಬ್ಬಿಣದ ಕೊಳವೆ ಹೆಚ್ಚಿನ ಒತ್ತಡ ತಡೆಯುತ್ತಿತ್ತು, ಅದರಿಂದಲೇ ಅವು ದೂರ ಹಾರಿದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯೊಂದರಲ್ಲಿ ಇಂಥ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕಿದವು. ಮೈಸೂರಿನ ಈ ಕಸುಬು ನಿಲ್ಲದೆ ಮುಂದುವರಿದಿದ್ದರೆ ಇನ್ನೂರು ವರ್ಷಗಳ ಬಳಿಕ ಅದು ಯಾವ ಆಕಾರ ತಾಳುತ್ತಿತ್ತು ಎಂದು ಬರೆಯಹೊರಟ ಕಲಾವಿದನಿಗೆ ಗಟ್ಟಿ ತಳಪಾಯ ಅಲ್ಲಿದೆ.

ಪಿರಿಯಾಪಟ್ಟಣ ದಾಟಿದರೆ ಕೊಡಗು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೊಡವರು ಕೋವಿಗಳನ್ನು ಸಾಲಾಗಿ ಇಟ್ಟು ಪೂಜಿಸುತ್ತಾರೆ, ತೋಕ್‌ಪೂ ಎಂಬ ಹೂವಿನಿಂದ ಸಿಂಗರಿಸುತ್ತಾರೆ. ಕಲ್ಪನೆಯ ಲೋಕದಲ್ಲೂ ಜನ ಆಯುಧದೊಡನೆ ಏನಾದರೊಂದು ನಂಟು ಇಟ್ಟುಕೊಂಡೇ ಇರುತ್ತಾರೆ. ಹಬ್ಬಕ್ಕೆ ಅದಕ್ಕೆ ಏನು ಮುಡಿಸುತ್ತಾರೆ, ಸತ್ತವನ ಕೋವಿ ಯಾರಿಗೆ ಸೇರುತ್ತದೆ, ಮಕ್ಕಳು ಅದನ್ನು ಮುಟ್ಟಬಹುದೇ ಎಂಬುದೆಲ್ಲ ಗೊತ್ತಾದ ಮೇಲೆ ಹೂ ಸಿಕ್ಕಿಸಲು ಒಂದು ಬಳೆ, ಹೆಸರು ಕೆತ್ತಲು ಒಂದು ಜಾಗ ತಾವಾಗಿಯೇ ಚಿತ್ರಕ್ಕೆ ಬರುತ್ತವೆ.

ಕೊನೆಗೆ ಸವೆತ. ಒಳ್ಳೆಯ ಕಲಾವಿದರು ಒಂದೇ ರೈಫಲ್ಲನ್ನು ಮೂರು ಸಲ ಬರೆಯುತ್ತಾರೆ: ಪೆಟ್ಟಿಗೆಯಿಂದ ತೆಗೆದಾಗಿನದು, ಹತ್ತು ವರ್ಷ ಹೊತ್ತಾದ ಮೇಲಿನದು, ಊರಿನ ಕಮ್ಮಾರ ರಿಪೇರಿ ಮಾಡಿಕೊಟ್ಟದ್ದು. ಮೂರನೆಯದರಲ್ಲಿ ಬೇರೊಂದು ಕೋವಿಯ ಹಿಡಿ ಇರುತ್ತದೆ, ಅದರ ನಂಬರು ನಳಿಗೆಯ ನಂಬರಿಗೆ ಹೊಂದುವುದಿಲ್ಲ. ನಿರ್ದೇಶಕರು ಹೆಚ್ಚಾಗಿ ಆರಿಸಿಕೊಳ್ಳಬೇಕಾದದ್ದು ಆ ಮೂರನೆಯದನ್ನೇ.